ಎಡದ ಚೀಲ, ಬಲದ ಚೀಲ

ಮಾವ ಅಂಗಳದ ಸಿಮೆಂಟಿನ ಮೇಲೆ ಅಂಗಾತ ಮಲಗಿ ಬೈಕಿನ ಹೊಟ್ಟೆ ನೋಡುತ್ತಿದ್ದರು. ಸೊಸೆ ಬೈಕಿನ ಮೇಲೆ ಕೂತು, ಎರಡೂ ಕಾಲನ್ನು ನೆಲಕ್ಕೆ ಊರಿ, ಗಾಡಿ ಅಲ್ಲಾಡದಂತೆ ಹಿಡಿದುಕೊಂಡಿದ್ದಳು. "ಉಸಿರು ಬಿಡಬೇಡ," ಎಂದರು ಮಾವ ಕೆಳಗಿನಿಂದ. ಅವಳು ಉಸಿರು ಹಿಡಿದಳು. ಮಾವ ರಟ್ಟಿನ ತುಂಡೊಂದನ್ನು ಹಿಂದಿನ ಚಕ್ರದ ಪಕ್ಕಕ್ಕೆ ಒತ್ತಿ, ಬೋಲ್ಟಿನ ತಲೆ ಬರುವ ಕಡೆ ಪೆನ್ಸಿಲಿನಿಂದ ಒಂದು ಸುತ್ತು ಹಾಕಿದರು. ಆಮೇಲೆ ಮೂಗು ಉಜ್ಜಿಕೊಂಡರು. ಆಮೇಲೆ ಇನ್ನೊಂದು ಸುತ್ತು ಹಾಕಿದರು. ಅಷ್ಟರಲ್ಲಿ ಸೊಸೆಯ ಮುಖ ಕೆಂಪೇರಿತ್ತು.

"ಮಾವ, ಬಿಡ್ಲಾ?" ಎಂದು ಹಲ್ಲು ಕಚ್ಚಿಕೊಂಡೇ ಕೇಳಿದಳು.

"ಅಯ್ಯೋ, ಇನ್ನೂ ಹಿಡ್ಕೊಂಡೇ ಇದೀಯಾ," ಎಂದರು ಮಾವ.

ಚೀಲಗಳು ಗೋಡೆಗೆ ಒರಗಿ ಕೂತು ಈ ತಮಾಷೆ ನೋಡುತ್ತಿದ್ದವು. ಕಪ್ಪು ಚೀಲ, ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಗೂಡು, ಮೇಲೆ ಜಿಪ್ಪಿನ ಮುಚ್ಚಳ, ಎಡಕ್ಕೊಂದು ಬಲಕ್ಕೊಂದು. ಅವು ಬಂದ ಪೆಟ್ಟಿಗೆಯ ಮೇಲೆ 'ಎಲ್ಲ ಗಾಡಿಗೂ ಹೊಂದುತ್ತದೆ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಂದರೆ ಯಾವ ಗಾಡಿಗೂ ಹೊಂದುವುದಿಲ್ಲ ಎಂದರ್ಥ. ಗಾಡಿ ಕಂಪನಿಯವರದೇ ಪೆಟ್ಟಿಗೆಗಳಿದ್ದವು, ಅವಕ್ಕೆ ತಕ್ಕ ಕಬ್ಬಿಣದ ಚೌಕಟ್ಟೂ ಇತ್ತು. ಅವುಗಳ ಬೆಲೆ ಕೇಳಿದ ಮೇಲೆ ಸೊಸೆ ಆ ಅಂಗಡಿಯಲ್ಲಿ ಕೊಟ್ಟ ನೀರನ್ನೂ ಕುಡಿಯದೆ ಎದ್ದು ಬಂದಿದ್ದಳು. ಈ ಅಗ್ಗದ ಚೀಲಗಳಿಗೆ ಚೌಕಟ್ಟು ಇಲ್ಲ, ಪಟ್ಟಿ ಇಲ್ಲ, ಎರಡು ದಾರ ಮಾತ್ರ ಇತ್ತು. ದಾರ ನೋಡಿ ಅತ್ತೆ, ಇದನ್ನು ಬಟ್ಟೆ ಒಣಗಿಸಲು ಇಟ್ಟುಕೊಳ್ಳುತ್ತೇನೆ ಎಂದು ತೆಗೆದುಕೊಂಡು ಹೋಗಿಬಿಟ್ಟಿದ್ದರು.

ಸೊಸೆಗೆ ಕೆಲಸ ಕನ್ನಡಕದ ಅಂಗಡಿಯಲ್ಲಿ. ಮದುವೆಗೆ ಮೊದಲಿನಿಂದಲೂ ಅಲ್ಲೇ. ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು, ಸಡಿಲವಾದ ತಿರುಪು ಬಿಗಿ ಮಾಡುವುದು, ಮುರಿದ ಕಡ್ಡಿ ಬದಲಿಸುವುದು. ಸಂಜೆ ತರಗತಿಗೆ ಹೋಗಿ ಕಣ್ಣು ಪರೀಕ್ಷೆ ಮಾಡುವುದನ್ನೂ ಕಲಿತು ಪಾಸಾದಳು. ಪಾಸಾಗಿ ಏನು ಬಂತು, ಮತ್ತೆ ಅದೇ ಹಿಂದಿನ ಕೋಣೆ, ಅದೇ ತಿರುಪು. ಈಗ ಅಂಗಡಿಯ ಯಜಮಾನರು ಹೊಸದೊಂದು ಯೋಚನೆ ಮಾಡಿದ್ದರು. ಪೇಟೆಗೆ ಬರಲಾರದವರ ಹತ್ತಿರಕ್ಕೆ ಅಂಗಡಿಯೇ ಹೋಗಬೇಕು. ಕಲ್ಲು ಗಣಿಯ ವಸತಿಗೆ, ಹೊಳೆಯಾಚೆಯ ಊರುಗಳಿಗೆ, ದಿನಕ್ಕೊಂದು ಕಡೆ. ಆ ಸುತ್ತು ನನಗೆ ಕೊಡಿ ಎಂದು ಸೊಸೆ ಬಾಯಿ ಬಿಟ್ಟು ಕೇಳಿದಳು. ಜೀವನದಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದೇ ಕಡಿಮೆ. ಯಜಮಾನರ ತಲೆಯಲ್ಲಿದ್ದದ್ದು ಒಂದು ವ್ಯಾನು ಮತ್ತು ಅದರೊಳಗೆ ತಮ್ಮ ಸೋದರಳಿಯ.

ಆದರೂ ಅವರು ಇಲ್ಲವೆನ್ನಲಿಲ್ಲ. ಕಣ್ಣು ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಒಂದು ಗಾಜು ಒಡೆದರೂ ಇಡೀ ಪೆಟ್ಟಿಗೆ ಕುಂಟು ಎಂದರು. ಸೋಮವಾರ ಬೆಳಿಗ್ಗೆ ಗಾಡಿಗೆ ಏನು ಕಟ್ಟುತ್ತೀಯೋ ಕಟ್ಟಿಕೊಂಡು ಬಾ, ಬೇಡವಾದ ಹಳೇ ಗಾಜು ತುಂಬಿ ಕೊಡುತ್ತೇನೆ, ಸೇತುವೆಯ ತನಕ ಹೋಗಿ ಬಾ. ಒಂದೂ ಒಡೆಯದಿದ್ದರೆ ಸುತ್ತು ನಿನ್ನದು. ಒಡೆದರೆ ವ್ಯಾನು. ಸೇತುವೆಯ ದಾರಿ ಹೇಗಿದೆ ಎಂದು ಊರಿಗೆಲ್ಲ ಗೊತ್ತು. ಆ ದಾರಿಯಲ್ಲಿ ಹೋದವರ ಹಲ್ಲು ಹಲ್ಲಿನ ಜಾಗದಲ್ಲೇ ಇದ್ದರೆ ಪುಣ್ಯ.

ಮಾವ ರಬ್ಬರ್ ಸ್ಟಾಂಪು ಮಾಡುತ್ತಿದ್ದವರು. ಬೀದಿಯವರ ಬಾಯಲ್ಲಿ ಸೀಲಪ್ಪ. ಊರಿನ ಯಾವ ಕಚೇರಿಯ ಯಾವ ಕಾಗದವನ್ನೇ ತೆಗೆಯಿರಿ, ಅದರ ಮೂಲೆಯಲ್ಲಿದ್ದ ನೀಲಿ ಗುಂಡು ಮಾವನ ಕೈಯಲ್ಲಿ ಹುಟ್ಟಿದ್ದು. ಅಕ್ಷರವನ್ನು ತಿರುಗಾಮುರುಗಾ ಕೊರೆದರೆ ತಾನೇ ಕಾಗದದ ಮೇಲೆ ನೆಟ್ಟಗೆ ಬೀಳುವುದು? ಹಾಗೆ ಜೀವಮಾನವೆಲ್ಲ ತಿರುಗಾಮುರುಗಾ ಕೊರೆದೂ ಕೊರೆದೂ ಅವರಿಗೆ ನೆಟ್ಟಗೆ ಬರೆಯುವುದೇ ಒಂದು ಶ್ರಮವಾಗಿತ್ತು. ಮನೆಯ ಬಾಗಿಲ ಮೇಲೆ ನಂಬರು ಬರೆದಾಗ ಅದರಲ್ಲಿದ್ದ ಮೂರು ಬೆನ್ನು ತಿರುಗಿಸಿ ನಿಂತಿತ್ತು. ಅಂಚೆಯವನು ಎಷ್ಟೋ ದಿನ ಅದನ್ನು ನೋಡಿ ನಕ್ಕು ಹೋಗುತ್ತಿದ್ದ. ಆಮೇಲೆ ಮಶೀನು ಬಂತು, ಒಂದು ಗುಂಡಿ ಒತ್ತಿದರೆ ಸ್ಟಾಂಪು ಬಿಸಿಬಿಸಿಯಾಗಿ ಹೊರಗೆ ಬೀಳತೊಡಗಿತು, ಮಾವ ಅಂಗಡಿ ಮುಚ್ಚಿ ಮನೆ ಸೇರಿದರು. ಮನೆಯಲ್ಲಿ ಕೂತವರು ಸುಮ್ಮನೆ ಕೂರಬೇಕಲ್ಲ, ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದರು. ಆ ಚೀಟಿಗಳನ್ನು ಓದಲು ಚಮಚದ ಬೆನ್ನು ಹಿಡಿಯಬೇಕು ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ಹೀಗಿರುವಾಗ ಶನಿವಾರ ಸಂಜೆ ಸೊಸೆ ಚೀಲಗಳನ್ನು ಹೊತ್ತು ತಂದು, ಇವಕ್ಕೆ ಕಬ್ಬಿಣದ ಪಟ್ಟಿ ನಾವೇ ಮಾಡಿದರೆ ಹೇಗೆ ಮಾವ ಎಂದಳು. ಮಾವ ಚೀಲ ನೋಡಿದರು, ಗಾಡಿ ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕೂತಾಗಲೂ ತಟ್ಟೆಯಂಚಿನಲ್ಲಿ ಬೆರಳಿನಿಂದ ಪಟ್ಟಿ ಬಿಡಿಸುತ್ತಿದ್ದರು. ಅಟ್ಟದ ಮೇಲೆ ಅತ್ತೆಯ ತವರಿನಿಂದ ಬಂದ ಹಳೇ ಕಬ್ಬಿಣದ ಮಂಚವಿತ್ತು. ಅದರ ಅಡ್ಡಪಟ್ಟಿಗಳು ಸರಿಯಾಗಿ ಎರಡು ಬೆರಳು ಅಗಲ. ಮಂಚ ಕೇಳಲು ಮಾವನಿಗೆ ಧೈರ್ಯ ಸಾಲದೆ ಸೊಸೆಯನ್ನು ಮುಂದೆ ಮಾಡಿದರು. ಅತ್ತೆ ಅಟ್ಟದ ಕಡೆ ನೋಡಿ, "ಆಯ್ತು ತಗೊಳ್ಳಿ, ಆ ಮಂಚಕ್ಕೂ ಮಲಗಿ ಮಲಗಿ ಸಾಕಾಗಿರತ್ತೆ," ಎಂದರು.

ಭಾನುವಾರದ ಬೆಳಗು ಹಾಗೆ ಶುರುವಾಯಿತು. ಕಷ್ಟವೊಂದೇ, ಸೊಸೆಯ ಗಂಡ. ಅವನು ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು, ಅಂಗಳಕ್ಕೆ ತೆರೆದ ಕಿಟಕಿಯ ಪಕ್ಕದಲ್ಲೇ ಮಲಗಿದ್ದ. ಬಡಗಿಯ ಮನೆಯಿಂದ ತಂದ ಡ್ರಿಲ್ಲೋ, ಸತ್ತವರನ್ನೂ ಎಬ್ಬಿಸುವಂಥದ್ದು. ಮಾವನೇ ಉಪಾಯ ಹುಡುಕಿದರು. ಪಕ್ಕದ ಮನೆಯ ನೀರಿನ ಪಂಪು ಗುಡುಗುಡು ಎನ್ನುವಾಗ ಡ್ರಿಲ್ಲು ಒತ್ತುವುದು, ಪಂಪು ನಿಂತ ಕೂಡಲೇ ಕೈ ತೆಗೆಯುವುದು. ಆ ದಿನ ಪಕ್ಕದ ಮನೆಯವರು ನೀರು ಬಿಟ್ಟಾಗಲೆಲ್ಲ ಇಲ್ಲಿ ಇಬ್ಬರು ಓಡಿಬಂದು ಕಬ್ಬಿಣದ ಮೇಲೆ ಬಗ್ಗುತ್ತಿದ್ದರು. ಮಧ್ಯೆ ಒಮ್ಮೆ ಪಂಪು ಬಹಳ ಹೊತ್ತು ಸುಮ್ಮನಾದಾಗ ಸೊಸೆ ಗೋಡೆಯಾಚೆ ಇಣುಕಿ, ಇವತ್ತು ಗಿಡಗಳಿಗೆ ನೀರು ಹಾಕುವುದಿಲ್ಲವಾ ಎಂದು ಅವರನ್ನೇ ಕೇಳಿದಳು.

ಕೆಲಸದ ಗುಟ್ಟು ಇಷ್ಟೇ. ಗಾಡಿಯ ಬಲಕ್ಕೆ ಸೈಲೆನ್ಸರ್ ಮೇಲೆದ್ದು ಹೋಗುತ್ತದೆ, ಕಾದ ಕೊಳವೆ. ಹಾಗಾಗಿ ಬಲದ ಪಟ್ಟಿ ಗಿಡ್ಡವಾಗಿರಬೇಕು, ಚೀಲ ಎತ್ತರದಲ್ಲಿ ಕೂರಬೇಕು. ಎಡಕ್ಕೆ ಆ ಕಾಟವಿಲ್ಲ. ಅಲ್ಲಿ ಪಟ್ಟಿ ಉದ್ದವಾಗಿದ್ದು ಚೀಲ ಕೆಳಗೆ ಇಳಿಯಬೇಕು, ಇಲ್ಲದಿದ್ದರೆ ಮುಚ್ಚಳ ಸೀಟಿನ ಹಿಂದೆ ಎಡಗಡೆ ಮಾತ್ರ ಇರುವ ಹಿಡಿಕೆಗೆ ತಗುಲಿ ತೆರೆಯುವುದಿಲ್ಲ. ಎರಡೂ ಪಟ್ಟಿ ಹೊರಕ್ಕೆ ಬಾಗಿರಬೇಕು, ಚಕ್ರದಿಂದ ದೂರ. ಮಾವ ಎರಡು ರಟ್ಟುಗಳಲ್ಲಿ ಅಳತೆ ತೆಗೆದು ಒಂದರ ಮೇಲೆ 'ಎಡ' ಎಂದೂ ಇನ್ನೊಂದರ ಮೇಲೆ 'ಬಲ' ಎಂದೂ ಬರೆದರು. ಈ ಬಾರಿ ನೆಟ್ಟಗೇ ಬರೆದರು, ನಾಲಿಗೆ ಹೊರಚಾಚಿ, ಒಂದೊಂದೇ ಅಕ್ಷರ. ಸೊಸೆ ಹಿಂದೆ ನಿಂತು ನೋಡಿ ಭೇಷ್ ಎಂದಳು. ಮಾವ ರಟ್ಟನ್ನು ಮಗುಚಿ ಪಟ್ಟಿಯ ಮೇಲಿಟ್ಟು, ಅಂಚಿನ ಸುತ್ತ ಗೀಟು ಎಳೆದು, ತೂತಿನ ಗುರುತು ಹಾಕಿದರು. ಪಟ್ಟಿಯ ಮೇಲೂ 'ಎಡ', 'ಬಲ' ಎಂದು ಸೀಮೆಸುಣ್ಣದಲ್ಲಿ ಬರೆದರು. ಆಮೇಲೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ, ಆಮೇಲೆ ಅಂಚು ಉಜ್ಜುವ ಅರ, ಆಮೇಲೆ ಬಿಗಿಯಾಗಿ ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ಬಗ್ಗಿಸುವುದು. ಬಗ್ಗಿಸುವಾಗ ಪಟ್ಟಿಗೆ ತೊಡಿಸಿದ ಕಬ್ಬಿಣದ ಕೊಳವೆಯ ಆ ತುದಿಗೆ ಮಾವ, ಈ ತುದಿಗೆ ಸೊಸೆ. "ಒತ್ತು, ಒತ್ತು, ನಿಲ್ಸು," ಎನ್ನುತ್ತ ಮಾವ ಕುಣಿಯುತ್ತಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಪಟ್ಟಿ ಬಾಗಿ ಹೇಳಿದ ಮಾತು ಕೇಳಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹಲ್ಲು ಕಿರಿದರು.

ಮಧ್ಯಾಹ್ನ ಊಟಕ್ಕೆ ಬರಲಿಲ್ಲವೆಂದು ಅತ್ತೆ ಅಂಗಳಕ್ಕೇ ತಟ್ಟೆ ತಂದರು. ಇಬ್ಬರಿಗೂ ಎಡಗೈಯಲ್ಲಿ ಬೋಲ್ಟು ಬಿಗಿಯುವ ಪಾನಾ, ಬಲಗೈಯಲ್ಲಿ ತುತ್ತು. ಮಂಚದ ತುಕ್ಕು ಉಜ್ಜಿ ಕಪ್ಪು ಬಣ್ಣ ಹಚ್ಚಿದ ಪಟ್ಟಿಗಳು ಬಿಸಿಲಲ್ಲಿ ಒಣಗುತ್ತ ಕಂಪನಿಯ ಪಟ್ಟಿಗಳಂತೆಯೇ ಹೊಳೆಯುತ್ತಿದ್ದವು. ನಾಳೆ ಯಜಮಾನರ ಮುಖ ಹೇಗಾಗಬಹುದು ಎಂದು ಸೊಸೆ ನಟಿಸಿ ತೋರಿಸಿದಳು. ಮಾವ ನಕ್ಕು ನಕ್ಕು ಕೆಮ್ಮಿದರು.

ಬಣ್ಣ ಒಣಗಿದ ಮೇಲೆ ಅಳಿಸಿಹೋದ 'ಎಡ', 'ಬಲ'ಗಳನ್ನು ಸೀಮೆಸುಣ್ಣದಲ್ಲಿ ಮತ್ತೆ ಬರೆದು, 'ಬಲ' ಎಂದಿದ್ದದ್ದನ್ನು ಬಲಕ್ಕೆ ಹಿಡಿದರು. ತೂತು ಕೂಡಲಿಲ್ಲ. ಸ್ವಲ್ಪ ಹಿಂದೆ ತಳ್ಳಿದರು, ಮುಂದೆ ತಳ್ಳಿದರು. ತೂತು ಬೋಲ್ಟಿಗೆ ಸಿಕ್ಕಿತು, ಆದರೆ ಪಟ್ಟಿಯ ಬಾಗು ಹೊರಕ್ಕೆ ಬರುವ ಬದಲು ಒಳಗೆ ನುಗ್ಗಿ ಚಕ್ರಕ್ಕೆ ಮುಖ ಮಾಡಿ ನಿಂತಿತು. ಎಡದ್ದನ್ನು ಎಡಕ್ಕೆ ಹಿಡಿದರು. ಅದೂ ಒಳಕ್ಕೆ. ಸೊಸೆ ಎರಡನ್ನೂ ಅದಲುಬದಲು ಮಾಡಿದಳು. ಈಗ ಬಾಗು ಹೊರಕ್ಕೆ ಬಂತು, ತೂತೂ ಕೂಡಿತು, ಇಬ್ಬರ ಎದೆಯೂ ಹಗುರಾಯಿತು. ಚೀಲಗಳನ್ನು ಬಿಗಿದು ಇಂಜಿನ್ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಅತ್ತೆ ಒಳಗಿನಿಂದಲೇ, ಏನೋ ಸುಡುತ್ತಿದೆ ನೋಡಿ ಎಂದರು.

ಸುಡುತ್ತಿದ್ದದ್ದು ಬಲದ ಚೀಲದ ತಳ. ಬಲಕ್ಕೆ ಈಗ ಬಂದಿದ್ದದ್ದು ಉದ್ದದ ಪಟ್ಟಿ. ಅದು ಚೀಲವನ್ನು ನೇರ ಸೈಲೆನ್ಸರ್ ಮೇಲೆ ಕೂರಿಸಿತ್ತು. ಹೆಬ್ಬೆರಳಿನಷ್ಟು ಜಾಗ ಕರಗಿ ಮಿರಮಿರ ಮಿಂಚುತ್ತಿತ್ತು. ಎಡಕ್ಕೆ ಹೋದ ಗಿಡ್ಡ ಪಟ್ಟಿ ಚೀಲವನ್ನು ಎಷ್ಟು ಮೇಲೆ ಹಿಡಿದಿತ್ತೆಂದರೆ ಮುಚ್ಚಳ ಒಂದಿಷ್ಟೂ ತೆರೆಯಲಿಲ್ಲ. ಆ ಚೀಲಗಳೊಳಗೆ ನಾಳೆ ಪ್ಲಾಸ್ಟಿಕ್ಕಿನ ಫ್ರೇಮುಗಳಿರಬೇಕು, ಗಾಜುಗಳಿರಬೇಕು. ಸೊಸೆ ಇಂಜಿನ್ ಆರಿಸಿದಳು. ಅವಳಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು, ಅಳುವಷ್ಟು. ಮಾವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆಂದು ತಿಳಿಯದೆ ಸರ್ರನೆ ಒಳಗೆ ಹೋಗಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನೀರು ಕುಡಿದಳು. ಮಂಚದ ಪಟ್ಟಿ ಮುಗಿದಿತ್ತು. ಭಾನುವಾರ, ಕಬ್ಬಿಣದ ಅಂಗಡಿ ಮುಚ್ಚಿತ್ತು. ಬಾಗಿಸಿದ ಪಟ್ಟಿಯನ್ನು ಮತ್ತೆ ಉಲ್ಟಾ ಬಾಗಿಸಿದರೆ ಅದೇ ಜಾಗದಲ್ಲಿ ಬಿರುಕು ಬಿಡುತ್ತದೆ ಎಂಬುದು ಕನ್ನಡಕದ ಕಡ್ಡಿ ತಿದ್ದುವವಳಿಗೆ ಗೊತ್ತಿಲ್ಲದ್ದೇನಲ್ಲ. ನಾಳೆ ವ್ಯಾನು ಹೊರಡುತ್ತದೆ, ಅದರಲ್ಲಿ ಸೋದರಳಿಯ ಕೂತಿರುತ್ತಾನೆ, ತಾನು ಹಿಂದಿನ ಕೋಣೆಯಲ್ಲಿ ತಿರುಪು ತಿರುಗಿಸುತ್ತಿರುತ್ತೇನೆ. ಅವಳಿಗೆ ಕಂಡದ್ದು ಅಷ್ಟೇ.

ಹೊರಗೆ ಅತ್ತೆಯ ನಗು ಕೇಳಿಸಿತು. ನಗುವೆಂದರೆ ಸಣ್ಣದಲ್ಲ, ಗೋಡೆ ಹಿಡಿದುಕೊಂಡು ನಗುವ ನಗು. ಸೊಸೆ ಬಂದು ನೋಡಿದರೆ ಅತ್ತೆ ರಟ್ಟನ್ನು ಪಟ್ಟಿಯ ಮೇಲೆ ಇಟ್ಟುಕೊಂಡು ನಿಂತಿದ್ದರು. ರಟ್ಟನ್ನು ಮುಖ ಮೇಲೆ ಮಾಡಿ ಇಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಮಗುಚಿ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸ್ಟಾಂಪು ಕೊರೆಯುವವರು ಬರೆದ ಕಾಗದವನ್ನು ರಬ್ಬರಿನ ಮೇಲೆ ಬೋರಲು ಹಾಕಿಯೇ ಕೊರೆಯುವುದು. ಮಾವನ ಕೈ ಯಾರನ್ನೂ ಕೇಳದೆ ರಟ್ಟನ್ನೂ ಬೋರಲು ಹಾಕಿತ್ತು.

"ಇವರು ಗಾಡಿಗೆ ಪಟ್ಟಿ ಮಾಡಿಲ್ಲ ಕಣೇ, ಗಾಡಿಗೆ ಸ್ಟಾಂಪು ಮಾಡಿದಾರೆ," ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಪಟ್ಟಿಯ ಮೇಲಿದ್ದ ಸೀಮೆಸುಣ್ಣದ ಅಕ್ಷರ ತೋರಿಸಿ ಗಂಡನಿಗೆ, "ರೀ, ಎಡ ಅಂತ ಬರೆದಿದೀರಲ್ಲ, ಅದರ ಮುಂದೆ ವಟ್ಟು ಅಂತ ಸೇರಿಸಿಬಿಡಿ, ಎಲ್ಲ ಸರಿಹೋಗತ್ತೆ," ಎಂದರು.

ಮಾವ ನಗಲಿಲ್ಲ. ತಿರುಗಿಸಿಟ್ಟ ಬಕೆಟ್ಟಿನ ಮೇಲೆ ಕೂತಿದ್ದರು, ಕೈಗಳೆರಡೂ ತೊಡೆಯ ಮೇಲಿದ್ದವು. ಬೆಳಗಿನಿಂದ ಕುಣಿದ ಮನುಷ್ಯ ಅಷ್ಟು ಹೊತ್ತಿಗೆ ಅರ್ಧಕ್ಕರ್ಧ ಆಗಿಹೋಗಿದ್ದರು.

"ನನ್ನ ನಂಬಿ ಕೆಟ್ಟೆ ಕಣಮ್ಮ," ಎಂದರು ಸೊಸೆಗೆ. "ಕೈಯಲ್ಲಿ ಇನ್ನೂ ಬಲ ಇದೆ ಅಂದ್ಕೊಂಡಿದ್ದೆ."

ಸೊಸೆಯ ಸಿಟ್ಟು ಎಲ್ಲಿತ್ತೋ ಅಲ್ಲೇ ಇಳಿದುಹೋಯಿತು. ಅವಳು ಮಾವನ ಎದುರು ಕುಕ್ಕರಗಾಲಲ್ಲಿ ಕೂತಳು. "ಬಲ ಇದೆ ಮಾವ," ಎಂದಳು, "ಹೋಗಿ ಎಡಗಡೆ ಕೂತಿದೆ ಅಷ್ಟೇ."

ಮಾವನ ಮೀಸೆ ಮೊದಲು ಅಲ್ಲಾಡಿತು. ಆಮೇಲೆ ಹೊಟ್ಟೆ. ಆಮೇಲೆ ಬಕೆಟ್ಟು. ಮೂವರ ನಗು ಕೇಳಿ ಕಿಟಕಿಯಲ್ಲಿ ಗಂಡನ ಮುಖ ಕಾಣಿಸಿತು. ಅವನು ಕೆದರಿದ ತಲೆಯಲ್ಲೇ, ಡ್ರಿಲ್ಲಿನ ಸದ್ದಿಗೆ ನಿದ್ದೆ ಮಾಡಬಹುದು, ನಿಮ್ಮ ನಗುವಿನ ಸದ್ದಿಗೆ ಆಗುವುದಿಲ್ಲ ಎಂದು ಹೇಳಿ, ಕಿಟಕಿ ಮುಚ್ಚಿಕೊಂಡ. ಅಂದರೆ ಬೆಳಗಿನಿಂದ ಪಂಪಿಗೆ ಕಾದದ್ದೆಲ್ಲ ದಂಡ.

ನಕ್ಕು ಮುಗಿದ ಮೇಲೆ ಸೊಸೆ ಗಾಡಿಯ ಹಿಂದೆ ನಿಂತು ಎರಡೂ ಚೀಲಗಳನ್ನು ಒಟ್ಟಿಗೆ ನೋಡಿದಳು. ಒಂದು ಮೇಲೆ, ಒಂದು ಕೆಳಗೆ. ಅಂಗಡಿಗೆ ಬರುವ ಅರ್ಧ ಜನರ ಕನ್ನಡಕ ಮೂಗಿನ ಮೇಲೆ ಕೂರುವುದು ಹೀಗೇ. ಅದಕ್ಕೆ ಅವಳು ಹೊಸ ಫ್ರೇಮು ಮಾಡುವುದಿಲ್ಲ, ಕಡ್ಡಿ ತಿದ್ದಿ ಕಳಿಸುತ್ತಾಳೆ. ಬಲಕ್ಕೆ ಬಂದ ಪಟ್ಟಿ ಎಷ್ಟು ಉದ್ದ ಹೆಚ್ಚಾಗಿದೆಯೋ ಎಡಕ್ಕೆ ಹೋದದ್ದು ಅಷ್ಟೇ ಕಡಿಮೆಯಿದೆ. ಇದರದ್ದನ್ನು ಕತ್ತರಿಸಿ ಅದಕ್ಕೆ ಕೊಟ್ಟರೆ? ಅವಳು ಹೇಳಿ ಮುಗಿಸುವ ಮೊದಲೇ ಮಾವ ಬಕೆಟ್ಟಿನಿಂದ ಎದ್ದು ಹ್ಯಾಕ್ಸಾ ಹುಡುಕುತ್ತಿದ್ದರು.

ಈ ಸಲ ಗುರುತು ಹಾಕಿದ್ದು ಸೊಸೆ, ಕತ್ತರಿಸಿದ್ದು ಮಾವ. ರಟ್ಟನ್ನು ಅತ್ತೆ ಕಿತ್ತುಕೊಂಡು ಒಲೆಯ ಹತ್ತಿರ ಇಟ್ಟುಕೊಂಡಿದ್ದರು, ಇನ್ನೊಮ್ಮೆ ಇವರ ಕೈಗೆ ಸಿಗುವುದು ಬೇಡವೆಂದು. ಬಲದಿಂದ ಬಿದ್ದ ತುಂಡನ್ನು ಎಡದ ಪಟ್ಟಿಗೆ ಒಂದರ ಮೇಲೊಂದು ಬರುವಂತೆ ಜೋಡಿಸಿ, ಎರಡು ಬೋಲ್ಟು ಹಾಕಿ, ವಾಷರಿಟ್ಟು ಬಿಗಿದರು. ಡ್ರಿಲ್ಲಿಗೆ ಈಗ ಯಾರ ಹೆದರಿಕೆಯೂ ಇರಲಿಲ್ಲ. ಚೀಲದ ಸುಟ್ಟ ಜಾಗಕ್ಕೆ ಹಳೇ ತಗಡಿನ ತುಂಡೊಂದನ್ನು ಅಡ್ಡ ಕೊಟ್ಟರು. ಬೋಲ್ಟು ಅಲುಗಿ ಸಡಿಲವಾಗದಿರಲಿ ಎಂದು ಮಾವ ಸ್ಟಾಂಪಿಗಿದ್ದ ಹಳೇ ರಬ್ಬರಿನಿಂದ ಸಣ್ಣ ಸಣ್ಣ ಬಿಲ್ಲೆ ಕತ್ತರಿಸಿ ಪಟ್ಟಿಗೂ ಚೀಲಕ್ಕೂ ನಡುವೆ ಇಟ್ಟರು. ಯಾವುದೋ ಕಚೇರಿಯ ಅರ್ಧ ಹೆಸರು ಹಾಗೆ ಬೈಕಿನ ಪಾಲಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಎರಡೂ ಚೀಲ, ಬಲದ್ದು ಕೊಂಚ ಮೇಲೆ, ಎಡದ್ದು ಕೊಂಚ ಕೆಳಗೆ, ಅಪ್ಪನ ಹೆಗಲಿನ ಎರಡು ಕಡೆ ಕೂತ ಮಕ್ಕಳ ಹಾಗೆ, ಗಟ್ಟಿಯಾಗಿ ಕೂತಿದ್ದವು. ಮಾವ ಒಂದನ್ನು ಹಿಡಿದು ಜಗ್ಗಿದರು. ಗಾಡಿಯೇ ಅಲ್ಲಾಡಿತು, ಚೀಲ ಅಲ್ಲಾಡಲಿಲ್ಲ.

ಸೊಸೆ ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದಳು. ಹೋಗುವಾಗ ಎಡಕ್ಕೆ ತಿರುಗಿ ಚೀಲ ಇದೆಯಾ ಎಂದು ನೋಡಿದಳು, ಬರುವಾಗ ಬಲಕ್ಕೆ ತಿರುಗಿ ನೋಡಿದಳು. ನೋಡುತ್ತ ನೋಡುತ್ತ ಪಂಪಿನವರ ಹೂಕುಂಡಕ್ಕೆ ಮುಂದಿನ ಚಕ್ರ ತಾಗಿಸಿದಳು. ಕುಂಡ ಉಳಿಯಿತು, ಅವಳ ಜೀವ ಬಾಯಿಗೆ ಬಂದಿತ್ತು. ಮಾವ ಗೇಟಿನಲ್ಲಿ ನಿಂತು ಎಲ್ಲ ನೋಡಿದರು. ಗಾಡಿ ಓಡಿಸುವಾಗ ಹಿಂದೆ ತಿರುಗಬೇಡ ಎಂದರು. ಆಗುವುದಿಲ್ಲ ಮಾವ, ನೋಡದಿದ್ದರೆ ಚೀಲ ಬಿದ್ದೇಹೋಯಿತು ಅನ್ನಿಸುತ್ತದೆ ಎಂದಳು ಸೊಸೆ. ಮಾವ ಚೀಲಗಳ ಮುಂಬದಿಯನ್ನು ಅಂಗೈಯಿಂದ ಸವರಿ, ಒಳಗೆ ಹೋಗಿ, ಬಿಳಿ ಬಣ್ಣದ ಡಬ್ಬಿ ಎಲ್ಲಿದೆ ಎಂದು ಅತ್ತೆಯನ್ನು ಕೇಳಿದರು.

ಬೆಳಿಗ್ಗೆ ಗಾಡಿ ಹೊರಗೆ ತೆಗೆಯುವಾಗ ಸೊಸೆ ಅದನ್ನು ಕಂಡಳು. ಎರಡೂ ಚೀಲಗಳ ಮುಂಬದಿಯಲ್ಲಿ, ಅವಳ ಕಾಲಿನ ಹಿಂದಕ್ಕೆ ಬರುವ ಕಡೆ, ಬಿಳಿಯ ಸುರುಳಿಗಳು, ಕೊಂಡಿಗಳು. ಎಡದಲ್ಲಿ ಹೆಚ್ಚು, ಬಲದಲ್ಲಿ ಕಡಿಮೆ. ಇದೇನು ಮಾವ, ಬಳ್ಳಿ ಬಿಡಿಸಿದ್ದೀರಾ ಎಂದು ಕೇಳಿದಳು. ಹೂಂ, ಬಳ್ಳಿ ಅಂದುಕೋ ಎಂದರು ಮಾವ. ಎರಡು ಕಡೆ ಒಂದೇ ಥರ ಇಲ್ಲವಲ್ಲ ಎಂದದ್ದಕ್ಕೆ, ನನ್ನ ಕೈಯಲ್ಲಿ ಎರಡು ಕಡೆ ಒಂದೇ ಥರ ಯಾವತ್ತು ಬಂದಿದೆ ಎಂದರು. ಅವಳಿಗೆ ಹೊತ್ತಾಗಿತ್ತು. ಹೆಲ್ಮೆಟ್ಟು ಹಾಕಿಕೊಂಡು ಹೊರಟೇಬಿಟ್ಟಳು.

ಯಜಮಾನರು ಹಳೇ ಗಾಜುಗಳನ್ನು ಪೆಟ್ಟಿಗೆಯ ಗೂಡುಗಳಲ್ಲಿ ಒಂದೊಂದಾಗಿ ತಾವೇ ಜೋಡಿಸಿದರು. ಪೆಟ್ಟಿಗೆ ಬಲದ ಚೀಲಕ್ಕೆ, ಫ್ರೇಮುಗಳ ತಟ್ಟೆಗಳು ಎಡದ ಚೀಲಕ್ಕೆ. ಆಮೇಲೆ ವ್ಯಾನಿನಲ್ಲಿ ಸೋದರಳಿಯನ ಪಕ್ಕ ಕೂತು ಅವಳ ಹಿಂದೆಯೇ ಬಂದರು. ಸೇತುವೆಯ ದಾರಿ ತನ್ನ ಹೆಸರು ಉಳಿಸಿಕೊಂಡಿತು. ಗುಂಡಿ ಬಂದಾಗಲೆಲ್ಲ ಸೊಸೆಯ ಕಿವಿ ಹಿಂದಕ್ಕೇ ಹೋಗುತ್ತಿತ್ತು, ಕತ್ತು ತಾನಾಗಿ ತಿರುಗುತ್ತಿತ್ತು. ಒಂದು ಕಡೆ ಟಣ್ ಎಂದ ಹಾಗಾಯಿತು. ಸೇತುವೆ ಮುಟ್ಟಿ ತಿರುಗಿ ಬಂದು ಅಂಗಡಿಯ ಮುಂದೆ ನಿಲ್ಲಿಸುವ ಹೊತ್ತಿಗೆ ಅವಳಿಗೆ ತನ್ನ ಹೆಸರೂ ಮರೆತುಹೋಗಿತ್ತು.

ಯಜಮಾನರು ಕೌಂಟರಿನ ಮೇಲೆ ಬಟ್ಟೆ ಹಾಸಿ ಪೆಟ್ಟಿಗೆ ತೆರೆದರು. ಒಂದೊಂದು ಗಾಜನ್ನೂ ಎತ್ತಿ ಬೆಳಕಿಗೆ ಹಿಡಿದರು, ಅಂಚಿನ ಸುತ್ತ ಉಗುರು ಆಡಿಸಿದರು, ಪಕ್ಕಕ್ಕಿಟ್ಟರು. ಸೊಸೆ ಉಸಿರು ಹಿಡಿದು ನಿಂತಿದ್ದಳು. ಬಿಡು ಎನ್ನಲು ಇಲ್ಲಿ ಮಾವ ಇರಲಿಲ್ಲ. ಕೊನೆಯ ಗಾಜೂ ಪಕ್ಕಕ್ಕೆ ಹೋಯಿತು. ಒಂದೂ ಒಡೆದಿರಲಿಲ್ಲ. ಟಣ್ ಎಂದದ್ದು ಅವಳ ಮನೆಯ ಬೀಗದಕೈ, ಫ್ರೇಮಿನ ತಟ್ಟೆಯ ಪಕ್ಕ ಬಿದ್ದಿತ್ತು.

ಯಜಮಾನರು ಹೊರಗೆ ಹೋಗಿ ಬಗ್ಗಿ ಪಟ್ಟಿಗಳನ್ನು ನೋಡಿದರು, ಎಡದ ಜೋಡಣೆಯ ಮೇಲೆ ಬೆರಳಿಟ್ಟು ನೋಡಿದರು, ಇದನ್ನು ಎಲ್ಲಿ ಮಾಡಿಸಿದೆ ಎಂದು ಕೇಳಿದರು. ಮನೆಯಲ್ಲೇ ಎಂದಳು.

"ಸುತ್ತು ನಿನ್ನದೇ ಕಣಮ್ಮ," ಎಂದರು ಯಜಮಾನರು. "ಆದ್ರೆ ಒಂದು ಮಾತು. ನೀನು ದಾರಿ ನೋಡಿದ್ದಕ್ಕಿಂತ ಚೀಲ ನೋಡಿದ್ದೇ ಜಾಸ್ತಿ. ಗಾಡಿಗೆ ಕನ್ನಡಿ ಯಾಕಿದೆ? ಬಗ್ಗಿಸ್ಕೊಂಡು ಅದ್ರಲ್ಲೇ ನೋಡ್ಕೋ."

ಆವತ್ತೇ ಹೊರಡು ಎಂದರು. ಹಳೇ ಗಾಜು ಹೋಗಿ ಅಸಲು ಗಾಜು ಬಂತು, ಹೊಳೆಯಾಚೆಯ ಊರಿಗೆ ಫೋನು ಹೋಯಿತು. ಸೊಸೆ ಪೇಟೆ ದಾಟುವ ತನಕ ಬಿಗಿಯಾಗಿ ಕೂತಿದ್ದಳು. ಪೇಟೆ ದಾಟಿದ ಮೇಲೆ ಹೆಲ್ಮೆಟ್ಟಿನೊಳಗೆ ಒಮ್ಮೆ ಜೋರಾಗಿ ಕೂಗಿಕೊಂಡಳು. ರಸ್ತೆ ಬದಿಯ ಮೇಕೆಯೊಂದು ತಲೆಯೆತ್ತಿ ನೋಡಿತು. ಹಿಂದಿನ ಕೋಣೆ ಹಿಂದೆಯೇ ಉಳಿಯಿತು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಗಾಡಿ ಭಾರಕ್ಕೆ ನೆಲ ಕಚ್ಚಿ ಓಡುತ್ತಿತ್ತು, ಅವಳಿಗೆ ಈ ದಾರಿ ಮುಗಿಯುವುದೇ ಬೇಡವಾಗಿತ್ತು.

ಸೇತುವೆಯ ಹತ್ತಿರ ನಿಲ್ಲಬೇಕಾಯಿತು. ಸೇತುವೆ ಕಿರಿದು, ಎದುರಿನಿಂದ ಮರದ ದಿಮ್ಮಿ ಹೊತ್ತ ಲಾರಿ ಬರುತ್ತಿತ್ತು. ಕತ್ತು ಮತ್ತೆ ತಿರುಗಲು ಹೊರಟಿತು. ಅವಳಿಗೆ ಯಜಮಾನರ ಮಾತು ನೆನಪಾಯಿತು. ಎಡಗಡೆಯ ಕನ್ನಡಿಯನ್ನು ಕೆಳಕ್ಕೆ ಬಗ್ಗಿಸಿದಳು. ರಸ್ತೆ ಸರಿದು ಅವಳ ಮೊಣಕಾಲು ಬಂತು, ಮೊಣಕಾಲಿನಾಚೆ ಕಪ್ಪು ಚೀಲ ಬಂತು, ಚೀಲದ ಮೇಲಿನ ಬಿಳಿ ಬಳ್ಳಿ ಬಂತು. ಬಳ್ಳಿ ಕನ್ನಡಿಯೊಳಗೆ ಎದ್ದು ನೆಟ್ಟಗೆ ನಿಂತು ಅಕ್ಷರವಾಯಿತು.

ಎಡವಟ್ಟು.

ಅವಳು ಹ್ಯಾಂಡಲಿನ ಮೇಲೆ ಬಿದ್ದು ಬಿದ್ದು ನಕ್ಕಳು. ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ ಮುದುಕರು, ಈ ಹುಡುಗಿಗೆ ಏನಾಯಿತು ಎಂಬಂತೆ ನೋಡಿ, ತಾವೂ ಸ್ವಲ್ಪ ನಕ್ಕರು. ಲಾರಿ ಇನ್ನೂ ಸೇತುವೆಯ ಮಧ್ಯದಲ್ಲಿತ್ತು. ಅವಳು ಕಣ್ಣೊರೆಸಿಕೊಂಡು ಬಲಗಡೆಯ ಕನ್ನಡಿಯನ್ನೂ ಬಗ್ಗಿಸಿದಳು. ಅಲ್ಲಿದ್ದದ್ದು ಎರಡೇ ಅಕ್ಷರ.

ಬಲ.

ಲಾರಿ ದಾಟಿತು. ಹಿಂದಿನವರು ಹಾರನ್ ಹೊಡೆದರು. ಅವಳು ಎಡದ ಕನ್ನಡಿಯನ್ನು ಮೇಲೆತ್ತಿ ರಸ್ತೆಗೆ ಸರಿಮಾಡಿ ಗೇರು ಹಾಕಿದಳು. ಬಲದ ಕನ್ನಡಿಯನ್ನು ಹಾಗೇ ಬಿಟ್ಟಳು. ಸೇತುವೆಯ ಹಲಗೆಗಳ ಮೇಲೆ ಗಾಡಿ ಗಡಗಡ ಎನ್ನುವಾಗ ಆ ಎರಡು ಅಕ್ಷರ ಅವಳ ಮೊಣಕೈಯ ಕೆಳಗೆ, ಕನ್ನಡಿಯಲ್ಲಿ, ನಡುಗುತ್ತ ಜೊತೆಗೇ ಬರುತ್ತಿದ್ದವು.